ಎಕ್ಸ್‌ಎಸ್‌ಎಲ್‌ಟಿ ಹಾಕಿದರೂ ಬರೀ ಅಕ್ಷರಗಳೇ ಬರುತ್ತಿವೆ, ಯಾಕೆ?

ಆಟಮ್ ಫೀಡನ್ನು (ತಾಣದ ಹೊಸ ಬರಹಗಳ ಎಕ್ಸ್‌ಎಂಎಲ್ ಪಟ್ಟಿ) ಎಕ್ಸ್‌ಎಸ್‌ಎಲ್‌ಟಿಯಿಂದ, ಅಂದರೆ ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆಯಿಂದ, ಎಚ್‌ಟಿಎಂಎಲ್ ಪುಟ ಮಾಡಲು ಹೋದರೆ ಟ್ಯಾಗ್ ಒಂದೂ ಇಲ್ಲದೆ ಶೀರ್ಷಿಕೆ, ತಾರೀಕು, ಬರಹ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತಿದೆ, ಎರರ್ ಕೂಡ ಇಲ್ಲ ಅಂತ ಕೇಳಿದ್ದೀರಿ ಅಲ್ವಾ? ನಿಮ್ಮ ಟೆಂಪ್ಲೇಟ್‌ಗಳು, ಅಂದರೆ ಯಾವ ಎಲಿಮೆಂಟ್‌ಗೆ ಏನು ಬರೆಯಬೇಕು ಅಂತ ನೀವು ಕೊಟ್ಟ ನಿಯಮಗಳು, ಓಡುತ್ತಲೇ ಇಲ್ಲ. ಯಾವ ಟೆಂಪ್ಲೇಟೂ ಹೊಂದದಿದ್ದರೆ ಎಕ್ಸ್‌ಎಸ್‌ಎಲ್‌ಟಿ ಸುಮ್ನೆ ಕೂರುವುದಿಲ್ಲ. ಅದರೊಳಗೇ ಇರುವ ನಿಯಮಗಳ ಪ್ರಕಾರ ಒಂದೊಂದೇ ಎಲಿಮೆಂಟ್ ಒಳಗಿಳಿದು ಸಿಕ್ಕಿದ ಪಠ್ಯವನ್ನೆಲ್ಲ ಹಾಗೇ ಹೊರಗೆ ಹಾಕುತ್ತದೆ. ಅದರ ಲೆಕ್ಕದಲ್ಲಿ ಅದು ಸರಿಯಾದ ಕೆಲಸವೇ, ಎರರ್ ಎಲ್ಲಿಂದ ಬರಬೇಕು?

ಫೀಡಿನ ಮೊದಲ ಟ್ಯಾಗ್ ನೋಡಿ. ಅಲ್ಲಿ ಎಕ್ಸ್‌ಎಂಎಲ್‌ಎನ್‌ಎಸ್ ಅಂತ ಇದೆ, ಅದರ ಮುಂದೆ '2005/ಆಟಮ್' ಅಂತ ಮುಗಿಯುವ ವಿಳಾಸ ಇದೆ. ಅದೇ ನೇಮ್‌ಸ್ಪೇಸ್, ಅಂದರೆ ಟ್ಯಾಗ್ ಹೆಸರುಗಳು ಯಾವ ಗುಂಪಿನವು ಅಂತ ಹೇಳುವ ಗುರುತು. ಒಳಗಿನ ಫೀಡ್, ಎಂಟ್ರಿ, ಟೈಟಲ್ ಎಲ್ಲ ಅದಕ್ಕೆ ಸೇರಿದವು. ನೀವು ಟೆಂಪ್ಲೇಟಿನ ಮ್ಯಾಚ್‌ನಲ್ಲಿ ಬರೀ 'ಎಂಟ್ರಿ' ಅಂತ ಬರೆದರೆ ಎಕ್ಸ್‌ಪಾತ್ 1.0 (ಎಲಿಮೆಂಟ್ ಹುಡುಕಲು ಎಕ್ಸ್‌ಎಸ್‌ಎಲ್‌ಟಿ ಬಳಸುವ ಭಾಷೆ) ಹುಡುಕುವುದು ಯಾವ ನೇಮ್‌ಸ್ಪೇಸೂ ಇಲ್ಲದ ಎಂಟ್ರಿಯನ್ನು. ಅಂಥದ್ದು ನಿಮ್ಮ ಫೀಡಿನಲ್ಲಿ ಒಂದೂ ಇಲ್ಲ.

ಸ್ಟೈಲ್‌ಶೀಟಿನ (ನಿಮ್ಮ ಎಕ್ಸ್‌ಎಸ್‌ಎಲ್‌ಟಿ ಫೈಲಿನ) ಮೊದಲ ಟ್ಯಾಗ್‌ನಲ್ಲಿ ಅದೇ ವಿಳಾಸಕ್ಕೆ 'ಆಟಮ್' ಅಂತ ಪ್ರಿಫಿಕ್ಸ್, ಅಂದರೆ ಹೆಸರಿನ ಮುಂದೆ ಹಾಕುವ ಚಿಕ್ಕ ಗುರುತು, ಕೊಡಿ. ಬರೀ ಎಕ್ಸ್‌ಎಂಎಲ್‌ಎನ್‌ಎಸ್ ಹಾಕಿದರೆ ಸಾಲದು, ಪ್ರಿಫಿಕ್ಸ್ ಬೇಕೇ ಬೇಕು. ಆಮೇಲೆ ಎಲ್ಲ ಕಡೆ 'ಆಟಮ್:ಎಂಟ್ರಿ', 'ಆಟಮ್:ಟೈಟಲ್' ಅಂತಲೇ ಬರೆಯಿರಿ, ಸೆಲೆಕ್ಟ್‌ನಲ್ಲೂ ಮರೆಯಬೇಡಿ. ಆದರೆ ಲಿಂಕ್ ಎಲಿಮೆಂಟಿನ ಎಚ್‌ರೆಫ್‌ಗೆ ಮಾತ್ರ ಪ್ರಿಫಿಕ್ಸ್ ಬೇಡ, ಯಾಕೆಂದರೆ ಪ್ರಿಫಿಕ್ಸ್ ಇಲ್ಲದೆ ಬರೆದ ಆಟ್ರಿಬ್ಯೂಟ್‌ಗೆ ಡೀಫಾಲ್ಟ್ ನೇಮ್‌ಸ್ಪೇಸ್ (ಬರೀ ಎಕ್ಸ್‌ಎಂಎಲ್‌ಎನ್‌ಎಸ್‌ನಿಂದ ಕೊಟ್ಟದ್ದು) ಅಂಟುವುದಿಲ್ಲ. ಇಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ.

ಫೀಡಿನಿಂದ ಆ ಎಕ್ಸ್‌ಎಂಎಲ್‌ಎನ್‌ಎಸ್ಸನ್ನೇ ಅಳಿಸಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಫೀಡ್ ದಿನಾ ಹೊಸದಾಗಿ ಬರುತ್ತದೆ, ದಿನಾ ಅಳಿಸುತ್ತಾ ಕೂರಲು ಆಗುತ್ತಾ?

ಇನ್ನೊಂದು, ಔಟ್‌ಪುಟ್ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಿಬಿಡಿ. ಇಲ್ಲದಿದ್ದರೆ ಕನ್ನಡ ಅಕ್ಷರಗಳು ಅಂಕಿಯ ಕೋಡ್ ಆಗಿ ಬರಬಹುದು. ಬ್ರೌಸರ್‌ನಲ್ಲಿ ಸರಿಯಾಗೇ ಕಾಣುತ್ತದೆ, ಆದರೆ ಫೈಲ್ ತೆರೆದರೆ ಒಂದಕ್ಷರವೂ ಓದಲಾಗದು.

ಬ್ರೌಸರ್‌ನಲ್ಲೇ ಪರಿವರ್ತನೆ ಮಾಡಿಸುತ್ತಿದ್ದರೆ ಈಗಲೇ ಬಿಟ್ಟುಬಿಡಿ. ಬ್ರೌಸರ್‌ಗಳಲ್ಲಿ ಇರುವುದು ಇವತ್ತಿಗೂ ಎಕ್ಸ್‌ಎಸ್‌ಎಲ್‌ಟಿಯ 1999ರ 1.0 ಆವೃತ್ತಿ, ಅದನ್ನೂ ತೆಗೆಯುವುದಾಗಿ ಕ್ರೋಮ್ ತಂಡ 2025ರಲ್ಲಿ ಹೇಳಿದೆ. ಕಮಾಂಡ್ ಲೈನ್‌ನಲ್ಲಿ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಅನ್ನೋ ಪ್ರೋಗ್ರಾಂ ಓಡಿಸಿ, ಅದಕ್ಕೆ ಮೊದಲು ಸ್ಟೈಲ್‌ಶೀಟ್, ಆಮೇಲೆ ಫೀಡ್ ಕೊಡಿ. ಅದೂ 1.0 ಮಾತ್ರ. ಎಲ್ಲ ಕಡೆ ಪ್ರಿಫಿಕ್ಸ್ ಬರೆಯೋದು ಜಾಸ್ತಿ ಅನ್ನಿಸಿದರೆ ಹೊಸ ಆವೃತ್ತಿಗಳನ್ನೂ ಓಡಿಸುವ ಸ್ಯಾಕ್ಸನ್ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ. 2.0ದಿಂದ ಈಚೆಗೆ ಎಕ್ಸ್‌ಪಾತ್-ಡೀಫಾಲ್ಟ್-ನೇಮ್‌ಸ್ಪೇಸ್ ಅಂತ ಒಂದು ಆಟ್ರಿಬ್ಯೂಟ್ ಇದೆ, ಅದಕ್ಕೆ ಆ ವಿಳಾಸ ಕೊಟ್ಟರೆ ನೀವು ಮೊದಲು ಬರೆದ 'ಎಂಟ್ರಿ' ಹಾಗೇ ನಡೆಯುತ್ತದೆ.