ಸ್ಟ್ರಿಂಗ್ ಕ್ವಾರ್ಟೆಟ್ ಹಾಕಿದರೆ ನಾಲ್ಕೂ ವಾದ್ಯ ಒಂದೇ ಥರ ಕೇಳಿಸುತ್ತದೆ. ಹೇಗೆ ಕೇಳಬೇಕು?

ನೀವು ಹಿಂದೂಸ್ತಾನಿ ಕೇಳಿ ಬೆಳೆದವರು. ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ನಾಲ್ಕು ತಂತಿವಾದ್ಯಗಳಿಗೆಂದು ಬರೆದ ಪಾಶ್ಚಾತ್ಯ ಶಾಸ್ತ್ರೀಯ ಕೃತಿ; ಅದನ್ನು ನುಡಿಸುವ ತಂಡಕ್ಕೂ ಅದೇ ಹೆಸರು. ಅದನ್ನು ಹಾಕಿದರೆ ಐದು ನಿಮಿಷಕ್ಕೆ ಗಮನ ತಪ್ಪುತ್ತದೆ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಶಿರಸಿಯವನು. ನಮ್ಮ ಕಡೆ ಸಂಗೀತ ಅಂದರೆ ಹಿಂದೂಸ್ತಾನಿ, ಇಲ್ಲವಾದರೆ ಯಕ್ಷಗಾನದ ಭಾಗವತಿಕೆ. ಆ ಕಿವಿ ಇಟ್ಟುಕೊಂಡೇ ಇದರೊಳಗೆ ಬಂದವನು ನಾನು. ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ಮೊದಲನೆಯದಾಗಿ, ಫಸ್ಟ್ ವಯೊಲಿನ್ ಹಿಂದೆಯೇ ಹೋಗಬೇಡಿ. ನಮಗೆ ಒಬ್ಬ ಮುಖ್ಯ ಕಲಾವಿದ ಬೇಕು, ಉಳಿದವರು ಸಾಥ್. ಇಲ್ಲಿ ಹಾಗಲ್ಲ. ಎರಡು ವಯೊಲಿನ್ (ಫಸ್ಟ್, ಸೆಕೆಂಡ್), ವಯೊಲಿನ್‌ಗಿಂತ ತುಸು ದೊಡ್ಡ, ತಗ್ಗು ದನಿಯ ಒಂದು ವಿಯೋಲಾ, ಎಲ್ಲಕ್ಕಿಂತ ದಪ್ಪ ದನಿಯ ಒಂದು ಚೆಲೋ, ನಾಲ್ಕಕ್ಕೂ ಮಾತಿದೆ. ತಾಳಮದ್ದಳೆಗೆ ಹೋಗಿ ಕೂತು ಗೊತ್ತಿದ್ದರೆ ಇದು ಬೇಗ ಹಿಡಿಸುತ್ತದೆ. ಒಬ್ಬ ಅರ್ಥಧಾರಿ ಮಾತು ಎತ್ತುತ್ತಾನೆ, ಎದುರಿನವನು ಅದೇ ಮಾತನ್ನು ಹಿಡಿದು ಬೇರೆ ಕಡೆ ತಿರುಗಿಸುತ್ತಾನೆ. ಮಾತಾಡುವವನಷ್ಟೇ, ಕೇಳುತ್ತ ಕೂತವನ ಮುಖವನ್ನೂ ನಾವು ನೋಡುತ್ತೇವೆ, ಅಲ್ವಾ? ಕ್ವಾರ್ಟೆಟ್‌ನಲ್ಲಿ ಆ ಕೇಳುತ್ತ ಕೂತವನನ್ನು ಹುಡುಕುವುದೇ ದೊಡ್ಡ ಸುಖ.

ಅದಕ್ಕೆ ಹೇಳಿ ಮಾಡಿಸಿದ್ದು ಆಸ್ಟ್ರಿಯದ ಸಂಯೋಜಕ ಹೈಡನ್‌ನ ಓಪಸ್ (ಅಂದರೆ ಕೃತಿಸಂಖ್ಯೆ) 76ರ ಮೂರನೆಯ ಕ್ವಾರ್ಟೆಟ್. ‘ಎಂಪರರ್’ ಅಂತ ಹುಡುಕಿದರೆ ಸಿಗುತ್ತದೆ. 1797ರ ಸುಮಾರಿನದು. ಪೂರ್ತಿ ಬೇಡ, ಎರಡನೆಯ ಭಾಗ ಮಾತ್ರ ಹಾಕಿ. ಚಕ್ರವರ್ತಿ ಫ್ರಾನ್ಸಿಸ್‌ಗಾಗಿ ಹೈಡನ್ ತಾನೇ ಮಾಡಿದ್ದ ಧಾಟಿ ಅದು; ಇವತ್ತು ಜರ್ಮನಿಯ ರಾಷ್ಟ್ರಗೀತೆ ಅದೇ ಧಾಟಿಯಲ್ಲಿದೆ. ಆ ಧಾಟಿ ಇಲ್ಲಿ ಐದು ಸಲ ಬರುತ್ತದೆ, ಹೆಚ್ಚುಕಡಿಮೆ ಹಾಗೇ. ಬದಲಾಗುವುದು ಅದನ್ನು ಹೊತ್ತವರು. ಮೊದಲು ಫಸ್ಟ್ ವಯೊಲಿನ್, ನಾಲ್ಕೂ ಜೊತೆಯಲ್ಲಿ. ಆಮೇಲೆ ಸೆಕೆಂಡ್ ವಯೊಲಿನ್ ಧಾಟಿ ಹಿಡಿಯುತ್ತದೆ, ಫಸ್ಟ್ ವಯೊಲಿನ್ ಅದರ ಸುತ್ತ ಸಣ್ಣ ಸಣ್ಣ ಸ್ವರ ಹೆಣೆಯುತ್ತದೆ, ಉಳಿದೆರಡು ಸುಮ್ಮನೆ. ಮುಂದೆ ಚೆಲೋ, ಆಮೇಲೆ ವಿಯೋಲಾ, ಕೊನೆಗೆ ಮತ್ತೆ ಫಸ್ಟ್ ವಯೊಲಿನ್.

ಕೊನೆಕೊಯ್ಲಿನ ಸಮಯ ಒಂದು ಸಂಜೆ ಇದನ್ನು ಮನೆಯಲ್ಲಿ ಹಾಕಿದ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದ ದೊಡ್ಡಪ್ಪ ಮೆಟ್ಟುಗತ್ತಿಯಿಂದ ಕೈ ತೆಗೆದು ಕೇಳಿದ: “ಆ ದಪ್ಪ ಸ್ವರದ್ದು ಎಲ್ಲಿ ಹೋತೋ ತಮಾ?” ಸರಿಯಾಗಿ ಎರಡೇ ವಯೊಲಿನ್ ಉಳಿಯುವ ಜಾಗ ಅದು. ಚೆಲೋ ಅನ್ನುವ ಹೆಸರೂ ಕೇಳದ ಮನುಷ್ಯ. ಅದು ಇಲ್ಲದ್ದು ಅವನಿಗೆ ಗೊತ್ತಾಯಿತು. ಇದಕ್ಕಿಂತ ಜಾಸ್ತಿ ತಯಾರಿ ಬೇಕಿಲ್ಲ ಅಂತ ನನಗೆ ಅನ್ನಿಸುವುದು ಅದಕ್ಕೇ.

ಅಂದಹಾಗೆ, ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಚೆಲೋದ ಕೆಳಗಿನ ತಂತಿ ಸುಮಾರು 65 ಹರ್ಟ್ಸ್. ಅಷ್ಟು ಕೆಳಗಿನ ಸ್ವರ ಆ ಸಣ್ಣ ಸ್ಪೀಕರ್‌ನಲ್ಲಿ ಸರಿಯಾಗಿ ಬರುವುದೇ ಇಲ್ಲ. ಸಾಧಾರಣ ಇಯರ್‌ಫೋನ್ ಸಾಕು. ಸ್ಟೀರಿಯೋ ರೆಕಾರ್ಡಿಂಗ್ ಆದರೆ ಫಸ್ಟ್ ವಯೊಲಿನ್ ಸಾಮಾನ್ಯವಾಗಿ ಎಡಗಡೆಯಿಂದ ಬರುತ್ತದೆ, ಚೆಲೋ ಅಥವಾ ವಿಯೋಲಾ ಬಲಗಡೆಯಿಂದ. ‘ಒಂದೇ ಥರ ಕೇಳುತ್ತೆ’ ಅನ್ನುವುದು ಅರ್ಧ ಅಲ್ಲಿಗೇ ಕಡಿಮೆಯಾಗುತ್ತದೆ. ಜೋರು ಮಳೆ ಹೊಡೆಯುವಾಗಲೂ ಬೇಡ. ಮೆಲ್ಲಗೆ ನುಡಿಸುವ ಜಾಗಗಳೆಲ್ಲ ಹಂಚಿನ ಸದ್ದಿನಲ್ಲಿ ಮುಚ್ಚಿಹೋಗುತ್ತವೆ, ವಾಲ್ಯೂಮ್ ಏರಿಸಿದರೆ ಮುಂದಿನ ಜೋರು ಜಾಗ ಕಿವಿಗೆ ಹೊಡೆಯುತ್ತದೆ.

ನಮ್ಮ ಕಿವಿಗೆ ನಿಜವಾದ ತೊಡಕು ಬೇರೆ ಇದೆ. ಇಲ್ಲಿ ತಂಬೂರಿ ಇಲ್ಲ, ಷಡ್ಜ ಒಂದು ಕಡೆ ನಿಲ್ಲುವುದೂ ಇಲ್ಲ. ಹೈಡನ್, ಮೊಜಾರ್ಟ್ ಅವರ ಕ್ವಾರ್ಟೆಟ್‌ಗಳ ಮೊದಲ ಭಾಗದಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಪಂಚಮವೇ ಹೊಸ ಷಡ್ಜ ಆಗಿಬಿಡುತ್ತದೆ. ಶುರುವಿನ ಸಾ ಹಿಡಿದು ಗುನುಗುತ್ತ ಕೂತು ನೋಡಿ. ಒಂದೆರಡು ನಿಮಿಷಕ್ಕೆ ಅದು ಕೂಡುವುದಿಲ್ಲ, ಕಾಲ ಕೆಳಗಿನ ನೆಲ ಸರಿದದ್ದು ಗೊತ್ತಾಗುತ್ತದೆ. ನಡುವೆ ಇನ್ನೂ ದೂರ ಹೋಗಿ, ಕೊನೆಗೆ ಮೊದಲಿನ ಧಾಟಿ ಮೊದಲಿನ ಸಾ ಮೇಲೇ ವಾಪಸ್ ಬರುತ್ತದೆ. ತಾಳದ ಮೊದಲ ಮಾತ್ರೆಯಾದ ಸಮ್ ಮೇಲೆ ಬಂದು ಕೂತಾಗ ಆಗುವ ಖುಷಿ ನಿಮಗೆ ಗೊತ್ತಿದೆ. ಇದು ಅದಕ್ಕಿಂತ ನಿಧಾನ, ಅದಕ್ಕಿಂತ ದೊಡ್ಡದು.

ಆಮೇಲೆ ಚೆಕ್ ಸಂಯೋಜಕ ದ್ವೋರ್ಜಾಕ್‌ನ ‘ಅಮೆರಿಕನ್’ ಕ್ವಾರ್ಟೆಟ್ ಕೇಳಿ, 1893ರದ್ದು. ಶುರುವಿನ ಧಾಟಿ ವಿಯೋಲಾದ್ದೇ, ಅದರ ದನಿ ಗುರುತು ಹಿಡಿಯುವುದಕ್ಕೆ ಒಳ್ಳೆಯದು. ಬೊರೊಡಿನ್‌ನ ಎರಡನೆಯ ಕ್ವಾರ್ಟೆಟ್‌ನ ಮೂರನೆಯ ಭಾಗದಲ್ಲಿ ಚೆಲೋ ಹಾಡುವುದು ಕೇಳಿ. ವೃತ್ತಿಯಲ್ಲಿ ರಸಾಯನ ವಿಜ್ಞಾನಿ ಆಗಿದ್ದವನು ಬರೆದದ್ದು ಅದು.

ಬೇಥೋವನ್‌ನ ಓಪಸ್ 132 ಮಾತ್ರ ಅವಸರದಲ್ಲಿ ಬೇಡ. 1825ರಲ್ಲಿ ದೊಡ್ಡ ಕಾಯಿಲೆಯಿಂದ ಎದ್ದು ಮುಗಿಸಿದ್ದು. ಆಗ ಅವನ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಮೂರನೆಯ ಭಾಗ, ಗುಣವಾದವನು ದೇವರಿಗೆ ಸಲ್ಲಿಸುವ ಕೃತಜ್ಞತೆ ಅಂತ ಅವನೇ ತಲೆಬರಹ ಕೊಟ್ಟಿದ್ದಾನೆ, ಲಿಡಿಯನ್ ಮೋಡ್ ಅನ್ನುವ ಹಳೆಯ ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿದೆ. ಅಂದರೆ ನಮ್ಮ ಕಲ್ಯಾಣ್ ಥಾಟಿನ ಸ್ವರಗಳೇ, ತೀವ್ರ ಮಧ್ಯಮ. ಯಮನ್ ರಾಗ ಕೇಳಿಸುತ್ತದೆ ಅಂದುಕೊಳ್ಳಬೇಡಿ, ನಡೆ ಬೇರೆ. ಆದರೆ ಆ ನಿಧಾನ ನಮ್ಮ ವಿಲಂಬಿತ್ ಕೇಳಿದವರಿಗೆ ಹೊಸದಲ್ಲ. ನಡುವೆ ‘ಹೊಸ ಶಕ್ತಿ ಬಂದ ಹಾಗೆ’ ಅಂತ ಬರೆದ ಜಾಗ ಬಂದಾಗ ನಾಲ್ಕೂ ಎದ್ದು ಓಡಾಡತೊಡಗುತ್ತವೆ. ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.

ಯಾರ ರೆಕಾರ್ಡಿಂಗ್ ಅನ್ನುವುದು ಮುಖ್ಯ. ಹೈಡನ್‌ಗೆ ಅಮೇಡಿಯಸ್ ಕ್ವಾರ್ಟೆಟ್ ಹುಡುಕಿ. 1947ರಿಂದ 1987ರವರೆಗೆ ಅದೇ ನಾಲ್ಕು ಜನ ನುಡಿಸಿದರು; ವಿಯೋಲಾದವರು ತೀರಿಕೊಂಡ ಮೇಲೆ ಬೇರೆಯವರನ್ನು ಕೂರಿಸಿಕೊಳ್ಳಲಿಲ್ಲ, ತಂಡವನ್ನೇ ನಿಲ್ಲಿಸಿದರು. ಓಪಸ್ 132ಕ್ಕೆ ಎರಡು ಹೆಸರು: 1930ರ ದಶಕದ ಬುಶ್ ಕ್ವಾರ್ಟೆಟ್, 1960ರ ದಶಕದ ಕ್ವಾರ್ಟೆಟೊ ಇಟಾಲಿಯಾನೊ. ಬುಶ್ ಅವರದು ಹಳೆಯ ಮೋನೋ, ಹಿಂದೆ ಸರಸರ ಸದ್ದಿದೆ, ನಾಲ್ಕೂ ದನಿ ಒಂದೇ ಕಡೆಯಿಂದ ಬರುತ್ತದೆ. ಆದರೂ ನನಗೆ ಅದೇ ಹೆಚ್ಚು. ನೀವು ಮೊದಲು ಇಟಾಲಿಯಾನೊ ಕೇಳಿ. ದನಿಗಳು ಬೇರೆ ಬೇರೆಯಾಗಿ ಗುರುತು ಸಿಕ್ಕ ಮೇಲೆ ಬುಶ್ ಹಾಕಿ.