ನಾಲ್ಕು ಸೆಲ್ ಕೂಡಿದರೆ 8000 ಆಗುವುದಿಲ್ಲ

ನಮಸ್ಕಾರ.

ಹಿರೇಬೆಣಕಲ್ ಬೆಟ್ಟದಲ್ಲಿ ಗೂಬೆಗಳ ಕೂಗು ಹಿಡಿಯಲು ರೆಕಾರ್ಡರ್ ಇಟ್ಟ ನಿಮ್ಮ ಲೇಖನ ಓದಿದೆ. ಕಲ್ಮನೆಗಳ ನಡುವೆ ಹೊತ್ತು ಮುಳುಗುವ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಮೂರನೆಯ ಪುಟ ಮಾತ್ರ ನನಗೆ ಸಿಟ್ಟು ತರಿಸಿತು. ಆರನೆಯ ರಾತ್ರಿ ಯಂತ್ರ ನಿಂತುಹೋಯಿತು ಎಂದು ಹೇಳಿ, ‘ಕೊಪ್ಪಳದ ಮೇ ತಿಂಗಳ ಬಿಸಿಲಿಗೆ ಯಾವ ಬ್ಯಾಟರಿ ತಾಳೀತು?’ ಎಂದು ಕೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅದು ನಿಂತ ಕಾರಣ ನಿಮ್ಮ ಅದೇ ಪುಟದಲ್ಲಿದೆ.

‘2000 ಎಂಎಎಚ್‌ನ ನಾಲ್ಕು ರೀಚಾರ್ಜ್ ಪೆನ್ಸಿಲ್ ಸೆಲ್, ಒಟ್ಟು 8000. 22 ದಿನಕ್ಕೆ ಸಾಕು.’ ಸಾಕಾಗುವುದಿಲ್ಲ. ಎಂಎಎಚ್ ಅಂದರೆ ಮಿಲಿಆಂಪಿಯರ್-ತಾಸು, ಸೆಲ್ ಎಷ್ಟು ಕರೆಂಟನ್ನು ಎಷ್ಟು ತಾಸು ಕೊಡಬಲ್ಲದು ಎಂಬ ಲೆಕ್ಕ. ಒಂದರ ಬೆನ್ನಿಗೆ ಒಂದು ಸೆಲ್ ಜೋಡಿಸಿದಾಗ ಕೂಡುವುದು ವೋಲ್ಟ್: 1.2ರ ನಾಲ್ಕು ಸೇರಿ 4.8. ಅದೇ ಕರೆಂಟು ನಾಲ್ಕರಲ್ಲೂ ಹಾಯುವುದರಿಂದ ನಾಲ್ಕೂ ಒಟ್ಟಿಗೇ ಬರಿದಾಗುತ್ತವೆ, ಸಾಮರ್ಥ್ಯ 2000ದಲ್ಲೇ ಉಳಿಯುತ್ತದೆ. ಈಗ ನೀವು ಕೊಟ್ಟ ಅಂಕಿಗಳನ್ನೇ ಹಾಕಿ. ರಾತ್ರಿ 12 ತಾಸು, ತಾಸಿಗೆ 20 ನಿಮಿಷ, ಅಂದರೆ 4 ತಾಸು ರೆಕಾರ್ಡಿಂಗ್. 80 ಮಿಲಿಆಂಪಿಯರ್‌ನಂತೆ 320. ಉಳಿದ 20 ತಾಸು ಸುಮ್ಮನಿದ್ದಾಗ 2ರಂತೆ 40. ದಿನಕ್ಕೆ 360. ಎರಡು ಸಾವಿರವನ್ನು ಇದರಿಂದ ಭಾಗಿಸಿದರೆ ಐದೂವರೆ ದಿನ. ಆರನೆಯ ರಾತ್ರಿ ಅದು ನಿಲ್ಲಲೇಬೇಕಿತ್ತು.

ನಿಜವಾಗಿ 8000 ಬೇಕಿದ್ದರೆ ಇಂಥ ನಾಲ್ಕು ಸಾಲುಗಳನ್ನು ಅಕ್ಕಪಕ್ಕ ಜೋಡಿಸಬೇಕು, 16 ಸೆಲ್. ಒಂದು ಸಾಲು ಇನ್ನೊಂದರೊಳಕ್ಕೆ ಹರಿಯದಂತೆ ಪ್ರತಿ ಸಾಲಿಗೊಂದು ಶಾಟ್ಕಿ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಬೇಕು. ಅದು ಸುಮಾರು 0.3 ವೋಲ್ಟ್ ತಿನ್ನುತ್ತದೆ. ಅಷ್ಟು ಕಡಿಮೆಯಾದರೂ ನಿಮ್ಮ ರೆಕಾರ್ಡರ್ ನಡೆಯುತ್ತದೆಯೇ ಎಂದು ಮೊದಲು ನೋಡಿ.

ಆ 80 ಎಲ್ಲಿಂದ ಬಂತು? ‘ಕೈಪಿಡಿಯ ಪ್ರಕಾರ’ ಎಂದಿದ್ದೀರಿ. ಅಳೆಯಿರಿ. ಬ್ಯಾಟರಿಯ ತಂತಿಯಲ್ಲಿ 1 ಓಮ್ ರೆಸಿಸ್ಟರ್ ಕೂಡಿಸಿ, ಅದರ ಎರಡು ತುದಿಗಳ ನಡುವೆ ಮೀಟರ್ ಇಟ್ಟರೆ ಒಂದು ಮಿಲಿವೋಲ್ಟ್‌ಗೆ ಒಂದು ಮಿಲಿಆಂಪಿಯರ್. ಮೀಟರನ್ನೇ ಮೈಕ್ರೋಆಂಪಿಯರ್ ರೇಂಜಿಗೆ ತಿರುಗಿಸಿ ನಡುವೆ ಸಿಕ್ಕಿಸಬೇಡಿ. ಆ ರೇಂಜಿನಲ್ಲಿ ಮೀಟರ್ ಒಳಗಿನ ರೆಸಿಸ್ಟರ್ ದೊಡ್ಡದು. ಯಂತ್ರ ನಿದ್ದೆಯಿಂದ ಎದ್ದು ಕರೆಂಟು ಎಳೆದ ಕೂಡಲೇ ವೋಲ್ಟ್ ಕುಸಿದು ರೀಸೆಟ್ ಆಗುತ್ತದೆ.

ಇನ್ನೊಂದು ಸಾಲು: ‘ಹೊರಡುವ ಮುನ್ನ ಮೀಟರ್ ಹಿಡಿದು ಪರೀಕ್ಷಿಸಿದೆವು, ಎಲ್ಲ ಸೆಲ್ಲೂ 1.4 ತೋರಿಸಿದವು.’ ಇದನ್ನು ಪರೀಕ್ಷೆ ಎಂದು ಬರೆಯಬೇಡಿ. ಚಾರ್ಜರ್‌ನಿಂದ ಆಗಷ್ಟೇ ತೆಗೆದ ಮುದಿ ಸೆಲ್ಲೂ 1.4 ತೋರಿಸುತ್ತದೆ. ರಾಯಚೂರಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ನಾನು ಕೆಲಸ ಕಲಿಯುವಾಗ, ಸೆಲ್ಲಿಗೆ ಬರೀ ಮೀಟರ್ ಹಚ್ಚಿ ಹೇಳಿದ ಮಾತನ್ನು ಉಸ್ತಾದರು ಕೇಳುತ್ತಲೇ ಇರಲಿಲ್ಲ. ಟಾರ್ಚಿನ ಬಲ್ಬ್ ಹಚ್ಚು, ಅದು ಉರಿಯುತ್ತಿರುವಾಗ ವೋಲ್ಟ್ ಓದು ಅನ್ನುತ್ತಿದ್ದರು. ಬಲ್ಬಿನ ಬದಲು ನೀವು 4.7 ಓಮ್, 1 ವ್ಯಾಟಿನ ರೆಸಿಸ್ಟರ್ ತನ್ನಿ. ಕಾಲು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ. ಗಟ್ಟಿ ಸೆಲ್ 1.25ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮಿಷದೊಳಗೆ 1.1ಕ್ಕೆ ಇಳಿಯುವುದನ್ನು ಪಕ್ಕಕ್ಕಿಡಿ. ಹಾಗೆಯೇ ಬಿಟ್ಟು 1.0 ವೋಲ್ಟ್‌ಗೆ ಬರಲು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳಿ: 2000ದ ಸೆಲ್ ಏಳು ತಾಸು ದಾಟಬೇಕು. ನಾಲ್ಕೇ ತಾಸಿಗೆ ಬಂದರೆ ಉಳಿದಿರುವುದು ಸಾವಿರವಷ್ಟೇ. ಅಂಥ ಒಂದು ಸೆಲ್ ಸಾಲಿನಲ್ಲಿ ಸೇರಿದರೂ ಅದು ಮೊದಲು ಬರಿದಾಗುತ್ತದೆ, ಉಳಿದ ಮೂರು ಅದರೊಳಗೆ ಕರೆಂಟು ತಳ್ಳಿ ಧ್ರುವವನ್ನೇ ತಿರುಗಿಸುತ್ತವೆ. ಆಮೇಲೆ ಆ ಸೆಲ್ ಕೆಲಸಕ್ಕೆ ಬಾರದು. ನಿಮ್ಮವು ಐದು ರಾತ್ರಿ ಪೂರಾ ನಡೆದವು ಅಂದರೆ ಸೆಲ್‌ಗಳು ಚೆನ್ನಾಗಿಯೇ ಇದ್ದವು. ನೀವು ಅವನ್ನು ಬೈದಿದ್ದೀರಿ.

ಬಿಸಿಲಿನ ಮಾತು ಪೂರ್ತಿ ಸುಳ್ಳಲ್ಲ. ಕಾವು ಏರಿದಷ್ಟೂ ಸೆಲ್ಲಿನ ಚಾರ್ಜ್ ತಾನಾಗಿ ಬೇಗ ಸೋರುತ್ತದೆ. ಎಷ್ಟು ಬೇಗ ಎಂಬುದನ್ನು ಅಳೆದು ಬರೆಯಿರಿ. ಒಂದೇ ಬಗೆಯ ಎರಡು ರೆಕಾರ್ಡರ್, ಮೇಲಿನಂತೆ ಪರೀಕ್ಷಿಸಿ ಮತ್ತೆ ಪೂರ್ತಿ ಚಾರ್ಜ್ ಮಾಡಿದ ಎಂಟು ಸೆಲ್, ಬೆಟ್ಟದಲ್ಲಿ ಹಾಕಿದ್ದ ಅದೇ ವೇಳಾಪಟ್ಟಿ. ಒಂದನ್ನು ಡಬ್ಬಿಯ ಸಮೇತ ಮಾಳಿಗೆಯ ಮೇಲೆ ಬಿಸಿಲಿಗಿಡಿ, ಇನ್ನೊಂದನ್ನು ಮನೆಯೊಳಗಿಡಿ. ನಡುವೆ ವೋಲ್ಟ್ ನೋಡಿ ಏನೂ ತಿಳಿಯದು, ಈ ಸೆಲ್‌ಗಳು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟ್ ಕೊಡುತ್ತವೆ. ನಿಲ್ಲುವತನಕ ಓಡಿಸಿ. ಕಾರ್ಡಿನ ಕೊನೆಯ ಫೈಲಿನ ಸಮಯವೇ ಉತ್ತರ. ಮಾಳಿಗೆಯ ಮೇಲಿನದು ಓಡಿದ ದಿನಗಳಲ್ಲಿ ನೂರಕ್ಕೆ 70ರಷ್ಟನ್ನು ಮಾತ್ರ ನಂಬಿ ಮುಂದಿನ ಬೆಟ್ಟಕ್ಕೆ ಯೋಜನೆ ಹಾಕಿ.

ಮೂರನೆಯ ಪುಟವನ್ನು ಆ ಎರಡು ಸಮಯಗಳೊಂದಿಗೆ ಹೊಸದಾಗಿ ಬರೆದು ಕಳುಹಿಸಿ. ಉಳಿದ ಪುಟಗಳನ್ನು ಇಟ್ಟುಕೊಂಡಿದ್ದೇನೆ.