ಮೊಮ್ಮಗನ ವರದಿಯಲ್ಲಿರುವ ‘ಕೆಎಂಟಿ2ಡಿ’ ಎಂದರೇನು?

ಪ್ರಶ್ನೆ: ನನ್ನ ಮಗಳ ಮಗನಿಗೆ ನಾಲ್ಕು ವರ್ಷ. ಬೆಳವಣಿಗೆ ನಿಧಾನ, ಮಾತೂ ತಡ. ವೈದ್ಯರು ರಕ್ತಪರೀಕ್ಷೆ ಮಾಡಿಸಿ ‘ಕಬುಕಿ ಸಿಂಡ್ರೋಮ್’ ಎಂದಿದ್ದಾರೆ. ವರದಿಯಲ್ಲಿ ‘ಕೆಎಂಟಿ2ಡಿ’, ‘ನಾನ್‌ಸೆನ್ಸ್’, ‘ಡಿ ನೋವೊ’ ಎಂಬ ಪದಗಳಿವೆ. ಮಗಳು ಮತ್ತು ಅಳಿಯನ ರಕ್ತದಲ್ಲಿ ಆ ದೋಷ ಕಂಡಿಲ್ಲವಂತೆ. ನನ್ನ ಯಜಮಾನರು ಮುಂಬಯಿಯ ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಬಣ್ಣದ ಖಾತೆಯಲ್ಲಿ ದುಡಿದವರು; ಅಲ್ಲಿನ ರಾಸಾಯನಿಕಗಳಿಂದಲೇ ಮಗುವಿಗೆ ಹೀಗಾಯಿತೆಂದು ಬೀಗರ ಕಡೆಯವರು ಹೇಳುತ್ತಾರೆ. ಇದು ನಿಜವೆ? ಈ ಜೀನ್ ಮಾಡುವ ಕೆಲಸವಾದರೂ ಏನು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮನ್ನು ನೋಯಿಸುತ್ತಿರುವ ಮಾತಿಗೆ ಮೊದಲು ಉತ್ತರಿಸುತ್ತೇನೆ. ಅಜ್ಜನಿಂದ ಮೊಮ್ಮಗನಿಗೆ ಈ ದೋಷ ಬರಬೇಕಾದರೆ ಅದು ನಿಮ್ಮ ಮಗಳ ಮೂಲಕವೇ ಹಾದು ಬರಬೇಕಿತ್ತು. ಮಗಳಲ್ಲಿ ಅದು ಕಂಡಿಲ್ಲವೆಂದು ವರದಿಯೇ ಹೇಳುತ್ತಿರುವಾಗ ಬೀಗರ ಮಾತಿಗೆ ಆಧಾರವಿಲ್ಲ. ‘ಡಿ ನೋವೊ’ ಎಂಬ ಲ್ಯಾಟಿನ್ ಪದಕ್ಕೆ ‘ಹೊಸದಾಗಿ’ ಎಂದರ್ಥ. ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ, ಇಲ್ಲವೇ ಗರ್ಭ ಕಟ್ಟಿದ ಹೊಸತರಲ್ಲಿ, ಡಿಎನ್‌ಎ ನಕಲಾಗುವ ಹೊತ್ತಿಗೆ ಒಂದು ಅಕ್ಷರ ತಪ್ಪಿದರೂ ಹೀಗಾಗಬಹುದು. ಕಬುಕಿ ಸಿಂಡ್ರೋಮ್ ಇರುವ ಹೆಚ್ಚಿನ ಮಕ್ಕಳಲ್ಲಿ ಆಗಿರುವುದು ಇದೇ. ‘ನಾನ್‌ಸೆನ್ಸ್’ ಎಂಬ ಪದವೂ ಮಗುವನ್ನು ಕುರಿತದ್ದಲ್ಲ. ಪ್ರೋಟೀನು ಕಟ್ಟುವ ಆದೇಶ ನಡುವೆಯೇ ನಿಂತುಹೋಗಿದೆ ಎಂಬುದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು. ತಾಯಂದಿರ ಕೈಗೆ ಹೋಗುವ ವರದಿಯಲ್ಲಿ ಇದಕ್ಕಿಂತ ಮೃದುವಾದ ಪದವಿದ್ದರೆ ಚೆನ್ನಾಗಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಇನ್ನು ಜೀನಿನ ಕೆಲಸ. ಗಿರಣಿಯಲ್ಲಿ ದುಡಿದವರ ಮನೆಯಲ್ಲಿ ಬಾಬಿನ್ (ನೂಲು ಸುತ್ತುವ ಉರುಳೆ) ಎಂದರೆ ವಿವರಿಸಬೇಕಾಗಿಲ್ಲ. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆಯಿದೆ. ಅದು ಹಿಸ್ಟೋನ್ ಎಂಬ ಪ್ರೋಟೀನುಗಳ ಬಾಬಿನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಎಂಟೆಂಟು ಹಿಸ್ಟೋನುಗಳು ಸೇರಿದ ಒಂದೊಂದು ಬಾಬಿನ್ನಿನ ಮೇಲೆ ಸುಮಾರು 147 ಜೋಡಿ ಅಕ್ಷರಗಳ ಎಳೆ ಸುತ್ತಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನುಗಳು ಸುಮ್ಮನಿರುತ್ತವೆ. ಎಲ್ಲಿ ಸಡಿಲವಾಗಬೇಕು, ಯಾವ ಜೀನು ಯಾವಾಗ ದುಡಿಯಬೇಕು ಎಂಬುದಕ್ಕೆ ಹಿಸ್ಟೋನುಗಳ ಹೊರಚಾಚಿದ ಬಾಲಗಳ ಮೇಲೆ ರಾಸಾಯನಿಕ ಗುರುತುಗಳು ಬೀಳುತ್ತವೆ. 12ನೇ ವರ್ಣತಂತುವಿನಲ್ಲಿರುವ ಕೆಎಂಟಿ2ಡಿ ಜೀನು ಅಂಥ ಗುರುತು ಹಾಕುವ ಕಿಣ್ವವೊಂದನ್ನು ರೂಪಿಸುತ್ತದೆ. 5,537 ಅಮೈನೋ ಆಮ್ಲಗಳ ಈ ದೈತ್ಯ ಕಿಣ್ವವು ‘ಎಚ್3’ ಎಂಬ ಹಿಸ್ಟೋನಿನ 4ನೇ ಸ್ಥಾನದಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪನ್ನು ಅಂಟಿಸುತ್ತದೆ. ಜೀನುಗಳನ್ನು ದೂರದಿಂದಲೇ ಚುರುಕುಗೊಳಿಸುವ ‘ಎನ್‌ಹ್ಯಾನ್ಸರ್’ ಎಂಬ ಭಾಗಗಳಲ್ಲಿ ಈ ಗುರುತು ಬಿದ್ದರೆ, ಅಲ್ಲಿ ಕೆಲಸ ಆರಂಭವಾಗಬಹುದು ಎಂದರ್ಥ.

ಹೃದಯ, ಮೆದುಳು, ಮೂಳೆ, ಮುಖ ಇವೆಲ್ಲ ಗರ್ಭದಲ್ಲಿ ರೂಪುಗೊಳ್ಳುವಾಗ ಸಾವಿರಾರು ಎನ್‌ಹ್ಯಾನ್ಸರ್‌ಗಳು ತಂತಮ್ಮ ಹೊತ್ತಿಗೆ ತೆರೆದುಕೊಳ್ಳಬೇಕು. ನಿಮ್ಮ ಮೊಮ್ಮಗನಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಸರಿಯಾಗಿಯೇ ಇದೆ. ಆದರೆ ಅದೊಂದೇ ಒದಗಿಸುವ ಕಿಣ್ವ ಸಾಲದು. ಒಂದೇ ಜೀನು ಕೆಟ್ಟರೂ ತೊಂದರೆ ಹಲವು ಅಂಗಗಳಲ್ಲಿ ಕಾಣುವುದು ಇದರಿಂದಲೇ. ಎಕ್ಸ್ ವರ್ಣತಂತುವಿನ ಕೆಡಿಎಂ6ಎ ಜೀನು ಕೆಟ್ಟಾಗಲೂ ಇದೇ ಸಿಂಡ್ರೋಮ್ ಬರುತ್ತದೆ. ಅದರ ಕಿಣ್ವದ ಕೆಲಸ, ಅದೇ ಹಿಸ್ಟೋನಿನ 27ನೇ ಸ್ಥಾನದ ಲೈಸೀನಿನಿಂದ ‘ಮುಚ್ಚಿರಲಿ’ ಎಂಬ ಗುರುತನ್ನು ತೆಗೆಯುವುದು.

ಈ ಸಿಂಡ್ರೋಮನ್ನು 1981ರಲ್ಲಿ ಜಪಾನಿನ ಎರಡು ತಂಡಗಳು ಬೇರೆಬೇರೆಯಾಗಿ ವರ್ಣಿಸಿದವು. ಮಕ್ಕಳ ನೀಳವಾದ ಕಣ್ಣುಗಳು ಅಲ್ಲಿನ ಸಾಂಪ್ರದಾಯಿಕ ಕಬುಕಿ ನಾಟಕದ ಬಣ್ಣಗಾರಿಕೆಯನ್ನು ನೆನಪಿಸಿದ್ದರಿಂದ ಆ ಹೆಸರು. ಇದಕ್ಕೆ ಕೆಎಂಟಿ2ಡಿ ಜೀನು ಕಾರಣವೆಂದು ಪತ್ತೆಯಾದದ್ದು 2010ರಲ್ಲಿ. 2014ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹಿಸ್ಟೋನ್ ಗುರುತುಗಳ ಸಮತೋಲವನ್ನು ಔಷಧದಿಂದ ಸರಿಪಡಿಸಿದಾಗ ನೆನಪಿನ ಶಕ್ತಿ ಸುಧಾರಿಸಿತು. ಅದು ಇಲಿಗಳ ಮಾತು. ಅದರ ಹೆಸರಿನಲ್ಲಿ ಯಾರಾದರೂ ಮಗುವಿಗೆ ಮದ್ದು ಮಾರಲು ಬಂದರೆ ದಯವಿಟ್ಟು ಒಪ್ಪಬೇಡಿ.

ಸದ್ಯ ಹೃದಯದ ಎಕೊ, ಮೂತ್ರಪಿಂಡಗಳ ಸೋನೊಗ್ರಫಿ, ಕಿವಿಯ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಕಿವಿಯ ಸೋಂಕು ಈ ಮಕ್ಕಳಲ್ಲಿ ಮತ್ತೆ ಮತ್ತೆ ಬರುತ್ತದೆ, ಮತ್ತು ಸರಿಯಾಗಿ ಕೇಳಿಸದ ಮಗು ಮಾತಿನಲ್ಲಿ ಇನ್ನೂ ಹಿಂದುಳಿಯುತ್ತದೆ. ಸ್ಪೀಚ್ ಥೆರಪಿಯನ್ನು ಮುಂದೂಡಬೇಡಿ. ಮಗಳಿಗೆ ಇನ್ನೊಂದು ಮಗುವಾಗುವುದಾದರೆ ಇದು ಮರುಕಳಿಸುವ ಸಾಧ್ಯತೆ ತೀರ ಕಡಿಮೆ, ಆದರೆ ಸೊನ್ನೆಯಲ್ಲ. ಆದ್ದರಿಂದ ಗರ್ಭ ಧರಿಸುವ ಮೊದಲೇ ಅವರು ಈ ವರದಿಯೊಂದಿಗೆ ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಕಾಣಲಿ. ಬೀಗರ ಮನೆಯವರನ್ನೂ ಆ ದಿನ ಜೊತೆಗೆ ಕರೆದುಕೊಂಡು ಹೋಗಿ.